ಪ್ರಭು ಬರೆದ ಪುಟ

ಪ್ರಭುವಿನ ಫೋನಿಗೆ ಶಾಂತಕುಮಾರಿ ಈಗಲೂ ಚಾರ್ಜ್ ಹಾಕುತ್ತಿದ್ದಳು. ಯಾಕೆ ಎಂದು ಅವಳನ್ನು ಯಾರೂ ಕೇಳಿರಲಿಲ್ಲ. ಬೆಳಿಗ್ಗೆ ಅನ್ನಕ್ಕಿಡುವುದು, ಚಳ್ಳಕೆರೆಯ ಕಾಲೇಜಿಗೆ ಹೋಗಿ ಕಂಪ್ಯೂಟರ್ ಪಾಠ ಮಾಡಿ ಬರುವುದು, ಬಟ್ಟೆ ಮಡಿಸುವುದು, ಸತ್ತ ಗಂಡನ ಫೋನಿಗೆ ಚಾರ್ಜ್ ಹಾಕುವುದು. ದಿನ ಹೀಗೆ ಮುಗಿಯುತ್ತಿತ್ತು. ಸೈಟು ಮಾರುವವರು, ಸಾಲ ಕೊಡುತ್ತೇವೆನ್ನುವವರು ಬಿಟ್ಟರೆ ಆ ನಂಬರಿಗೆ ಈಗ ಯಾರೂ ಕರೆ ಮಾಡುತ್ತಿರಲಿಲ್ಲ.

ಆ ಭಾನುವಾರ ಮಧ್ಯಾಹ್ನ ಕರೆ ಬಂತು.

"ಹಲೋ, ಪ್ರಭು ಸಾರ್ ಅದಾರಾ?" ಹುಡುಗಿಯ ದನಿ. ಹಿಂದೆ ಮಗ್ಗದ ಸದ್ದು.

"ಇಲ್ಲ."

"ಯಾವಾಗ ಬರ್ತಾರೆ ಮೇಡಂ?"

ಶಾಂತಕುಮಾರಿ ಗೋಡೆಯ ಮೇಲಿನ ಫೋಟೊ ನೋಡಿದಳು. "ನಿಂಗೇನು ಬೇಕಿತ್ತು ಹೇಳು."

"ನಾನು ಮೊಳಕಾಲ್ಮುರಿಂದ, ನಾಗರತ್ನ ಅಂತ. ಸಾರ್ ಬರ್ದಿರೋದು ನೋಡ್ಕಂಡೇ ಮಾಡಿದ್ದು ಮೇಡಂ. ನಾನೇನೂ ಹೆಚ್ಚಿಗೆ ಮಾಡ್ಲಿಲ್ಲ, ಕಡಿಮೆ ಮಾಡ್ಲಿಲ್ಲ. ಎಲ್ಲಾ ಹೋತು."

"ಏನು ಹೋತು?"

"ಅಂಚು," ಎಂದು ಹುಡುಗಿ ಅಳತೊಡಗಿದಳು.

ಪ್ರಭು ಬರೆದದ್ದು ಕಥೆಯಲ್ಲ, ಕವಿತೆಯಲ್ಲ. ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯೊಳಗೆ ಮೊದಲೇ ಸಿದ್ಧವಾಗಿ ಬರುವ ಮೆಥಡ್‌ಗಳಿಗೆ, ಎಂದರೆ ಪುಟ್ಟ ಆಜ್ಞೆಗಳಿಗೆ, ಕನ್ನಡದಲ್ಲಿ ವಿವರಣೆ. ಯಾವುದು ಏನು ಮಾಡುತ್ತದೆ, ಅದಕ್ಕೆ ಏನು ಕೊಡಬೇಕು, ಅದು ಏನನ್ನು ವಾಪಸ್ ಕೊಡುತ್ತದೆ. ಇಂಗ್ಲಿಷ್ ಓದಲಾರದ ಮಕ್ಕಳು ಕಂಪ್ಯೂಟರಿನ ಮುಂದೆ ಕೂತು ತಡಬಡಾಯಿಸುವುದನ್ನು ನೋಡಿ, ಅವನೂ ಅವನ ಗೆಳೆಯ ತಿಪ್ಪೇರುದ್ರನೂ ಸೇರಿ ಒಂದು ಜಾಲತಾಣ ಮಾಡಿದ್ದರು. ಬರೆಯುವುದೆಲ್ಲ ಪ್ರಭು. ತಾಣ ನೋಡಿಕೊಳ್ಳುವುದು ತಿಪ್ಪೇರುದ್ರ. ರಾಯಚೂರಿನಿಂದ, ಚಾಮರಾಜನಗರದಿಂದ ಮಕ್ಕಳು ಓದುತ್ತಿದ್ದರು. ಎಲ್ಲರಿಗೂ ಬಾಯಿಪಾಠವಾಗಿದ್ದ ಪುಟವೆಂದರೆ ಅಪೆಂಡ್ ಎಂಬ ಮೆಥಡ್‌ನದು:

‘ಪಟ್ಟಿಯ ಕೊನೆಗೆ ಇನ್ನೊಂದನ್ನು ಸೇರಿಸುತ್ತದೆ. ಹೊರಟು ನಿಂತ ಬಸ್ಸಿಗೆ ಒಬ್ಬರು ಓಡಿ ಬಂದು ಹತ್ತಿಕೊಂಡ ಹಾಗೆ.’

ಅಷ್ಟೇ. ಆ ಸಾಲು ಬರೆದ ದಿನ ಗಂಡ ಹೆಂಡತಿಗೆ ಜಗಳವಾಗಿತ್ತು. ಅವಳೂ ದಾವಣಗೆರೆಯಲ್ಲಿ ಕಂಪ್ಯೂಟರ್ ಎಂ.ಎಸ್ಸಿ. ಮಾಡಿದವಳೇ. "ಅದು ಏನು ವಾಪಸ್ ಕೊಡ್ತೈತೆ ಅಂತ ಬರೀಲಿಲ್ಲವಲ್ಲ," ಎಂದಿದ್ದಳು. "ಏನೂ ಕೊಡಲ್ಲ. ಕೊಡದೇ ಇರೋದನ್ನ ಏನು ಬರೆಯೋದು?" ಎಂದು ಅವನು ನಕ್ಕಿದ್ದ. "ಏನೂ ಕೊಡಲ್ಲ ಅಂತಲೇ ಬರಿ." "ಮೊದಲ್ನೇ ಪುಟದಲ್ಲೇ ಮಕ್ಕಳನ್ನ ಹೆದರಿಸ್ಬಾರ್ದು ಕಣೇ." ಆಮೇಲೆ ಮಂಡಕ್ಕಿ ಮೆಣಸಿನಕಾಯಿ ತಂದಿದ್ದ. ಮಾತು ಅಲ್ಲಿಗೆ ನಿಂತಿತ್ತು.

ಹಿರೇಹಳ್ಳಿ ದಾಟಿದ ಮೇಲಿನ ತಿರುವಿನಲ್ಲಿ ಅವನ ಬೈಕಿಗೆ ಲಾರಿ ಬಡಿದದ್ದು ಅದಾಗಿ ಕೆಲವೇ ತಿಂಗಳಿಗೆ. ಗೆಳೆಯನ ನೆನಪಿಗೆಂದು ತಿಪ್ಪೇರುದ್ರ ಅವನ ಪುಟಗಳನ್ನು ಯಾರೂ ತಿದ್ದಲಾಗದಂತೆ ಬೀಗ ಹಾಕಿದ. ಮೇಲೆ ಒಂದು ದೀಪದ ಚಿತ್ರ. ‘ಈ ಪುಟಗಳನ್ನು ತಿದ್ದಲಾಗುವುದಿಲ್ಲ.’ ಎಲ್ಲರೂ ಒಳ್ಳೆಯ ಕೆಲಸ ಎಂದರು. ಅವಳೂ ತಲೆ ಆಡಿಸಿದ್ದಳು. ಆ ದಿನಗಳಲ್ಲಿ ಯಾರು ಏನು ಹೇಳಿದರೂ ಅವಳು ತಲೆ ಆಡಿಸುತ್ತಿದ್ದಳು.

ಮಾರನೆಯ ದಿನ ರಜೆ ಹಾಕಿ ಮೊಳಕಾಲ್ಮುರಿನ ಬಸ್ಸಿಗೆ ಹೊರಟಳು.

ಅತ್ತೆ ಪಾಲಮ್ಮ ಬಾಗಿಲಲ್ಲಿ ಅಡ್ಡ ನಿಂತಳು. ದೊಡ್ಡಉಳ್ಳಾರ್ತಿಯ ಕಾವಲಿನಲ್ಲಿ ಕುರಿ ಮೇಯಿಸಿ ಮಗನನ್ನು ಓದಿಸಿದ ಹೆಂಗಸು. "ಆ ರೋಡಿಗೆ ಹೋಗ್ತೀಯಾ?"

"ಬೇರೆ ರೋಡಿಲ್ಲವ್ವ."

"ಫೋನಲ್ಲೇ ಹೇಳು ಆ ಹುಡುಗಿಗೆ."

"ನೋಡ್ಬೇಕು."

ಬಸ್ಸಿನಲ್ಲಿ ಕಿಟಕಿಯ ಪಕ್ಕವೇ ಕೂತಳು. ತಳಕು ಬಂತು, ಹಿರೇಹಳ್ಳಿ ಬಂತು. ತಿರುವು ಬಂದಾಗ ಕಣ್ಣು ಮುಚ್ಚಬೇಕೆಂದು ಯಾವಾಗಲೋ ನಿಶ್ಚಯ ಮಾಡಿದ್ದಳು. ಮುಚ್ಚಲಿಲ್ಲ. ಒಂದು ಜಾಲಿ ಗಿಡ, ಒಂದು ರೋಡ್ ಹಂಪು, ಎಳನೀರು ಮಾರುವವನ ಗಾಡಿ. ಏನೂ ಅನಿಸಲಿಲ್ಲ. ಅನಿಸದಿರುವುದು ಅವಳಿಗೆ ಅಭ್ಯಾಸವಾಗಿತ್ತು. ಹಿಂದಿನ ಸೀಟಿನ ಮಗು ವಾಂತಿ ಮಾಡಿತು. ತನ್ನ ನೀರಿನ ಬಾಟಲಿಯನ್ನು ಅದರ ತಾಯಿಗೆ ಕೊಟ್ಟಳು.

ನಾಗರತ್ನಳ ಮನೆ ಎಂದರೆ ಮಗ್ಗವೇ. ಮಗ್ಗಕ್ಕೆ ಬಿಟ್ಟು ಉಳಿದ ಜಾಗದಲ್ಲಿ ಒಲೆ, ಹಾಸಿಗೆ, ಒಂದು ಹಳೆಯ ಲ್ಯಾಪ್‌ಟಾಪ್. ಡಿಗ್ರಿ ಎರಡನೆಯ ವರ್ಷದ ಹುಡುಗಿ. ಅವಳ ಅಪ್ಪ ಹೊನ್ನೂರಸ್ವಾಮಿ ತಲೆ ಎತ್ತದೆಯೇ "ದಾ ಅಮ್ಮಾ, ಕುಂದ್ರು," ಎಂದ. ಕನ್ನಡದೊಳಗೆ ತೆಲುಗು ಆ ಮನೆಯಲ್ಲಿ ಯಾರ ಗಮನಕ್ಕೂ ಬಾರದ ಹಾಗೆ ಬೆರೆತಿತ್ತು.

ನಾಗರತ್ನ ಹೇಳಿದ್ದು ಇಷ್ಟು. ಅವಳ ತಾತ ಸೀರೆಗೆ ನೇಯುತ್ತಿದ್ದ ರುದ್ರಾಕ್ಷಿ ಅಂಚೊಂದಿತ್ತು. ತೂತು ಹೊಡೆದ ರಟ್ಟುಗಳ ಸರಮಾಲೆಯಲ್ಲಿ ಆ ಅಂಚಿನ ಲೆಕ್ಕವಿತ್ತು: ಯಾವ ಎಳೆ ಏಳಬೇಕು, ಯಾವುದು ಕೂರಬೇಕು. ರಟ್ಟುಗಳು ಇಲಿ ಕಡಿದು ಮುರಿಯುತ್ತಿದ್ದವು. ಈಗ ಎಳೆಗಳನ್ನು ಎತ್ತಿಳಿಸುವ ಜಕಾರ್ಡ್ ಯಂತ್ರ ಕಂಪ್ಯೂಟರಿನಿಂದಲೇ ಓಡುತ್ತದಲ್ಲ ಎಂದು, ಅವಳು ಒಂದೊಂದು ರಟ್ಟನ್ನೂ ಬೆಳಕಿಗೆ ಹಿಡಿದು, ಒಂದೊಂದು ಸಾಲಾಗಿ ಟೈಪ್ ಮಾಡಿದ್ದಳು. ಬೇಸಿಗೆ ರಜೆಯೆಲ್ಲ ಅದೇ. ಎಲ್ಲ ಬಂತೆಂದು ಖಾತ್ರಿಯಾದ ಮೇಲೆ ರಟ್ಟುಗಳನ್ನು ಗುಜರಿಯವನಿಗೆ ಹಾಕಿದರು. ಆಮೇಲೆ ನೋಡಿದರೆ ಕೊನೆಯ ಸಾಲೊಂದು ಬಿಟ್ಟುಹೋಗಿತ್ತು, ಅಪ್ಪನಿಗೆ ಅದು ನೆನಪಿತ್ತು. ಅದನ್ನು ಸೇರಿಸಿ ಉಳಿಸಲು ಅಪೆಂಡ್ ಬಳಸಿದಳು.

ಫೈಲು ತೆರೆದು ತೋರಿಸಿದಳು. ರಜೆಯ ದುಡಿಮೆಯಿದ್ದ ಜಾಗದಲ್ಲಿ ಒಂದೇ ಒಂದು ಪದವಿತ್ತು. ಏನೂ ಇಲ್ಲ ಎನ್ನುವುದಕ್ಕೆ ಕಂಪ್ಯೂಟರು ಬಳಸುವ ಇಂಗ್ಲಿಷ್ ಪದ.

ಶಾಂತಕುಮಾರಿ ಅವಳು ಬರೆದಿದ್ದ ಸಾಲು ನೋಡಿದಳು. ಪಟ್ಟಿಗೆ ಮಗ್ಗದ ಉದ್ದನೆಯ ಎಳೆಗಳ ಹೆಸರನ್ನೇ, ‘ಹಾಸು’ ಎಂದು, ಇಟ್ಟಿದ್ದಳು. ‘ಹಾಸು’ ಪಟ್ಟಿಗೆ ಹೊಸ ಸಾಲನ್ನು ಸೇರಿಸಿ, ಸೇರಿಸಿ ಬಂದದ್ದನ್ನು ಮತ್ತೆ ಹಾಸು ಎಂದೇ ಇಟ್ಟುಕೊಂಡಿದ್ದಳು. ಬಂದದ್ದು ಏನೂ ಇಲ್ಲ. ಆ ಏನೂ ಇಲ್ಲವೇ ಹಾಸು ಎಂದಾಯಿತು. ಉಳಿಸುವಾಗ ಅದೇ ಹಳೆಯ ಫೈಲಿನ ಮೇಲೆ ಕೂತಿತು, ಇದ್ದದ್ದೆಲ್ಲ ಅಳಿಯಿತು.

"ಬಂದಿದ್ದನ್ನ ಮತ್ತೆ ಯಾಕೆ ಅದೇ ಹೆಸರಿಗೆ ಇಟ್ಟೆ?"

"ಇಡಬೇಕಲ್ವಾ ಅಕ್ಕಾ?" ಹುಡುಗಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಅಲ್ನೋಡಿ, ಅಪ್ಪ ಮಾಡ್ತಾ ಇರೋದು."

ಹೊನ್ನೂರಸ್ವಾಮಿ ಮುಗಿದ ಹಾಸಿನ ಬಾಲಕ್ಕೆ ಹೊಸ ಹಾಸು ಕಟ್ಟುತ್ತಿದ್ದ. ಹಳೆಯದನ್ನು ಮಗ್ಗದಿಂದ ಪೂರ್ತಿ ಬಿಚ್ಚುವುದಿಲ್ಲ. ತುದಿ ಬಿಟ್ಟಿರುತ್ತಾರೆ. ಅದರ ಒಂದೊಂದು ಎಳೆಗೆ ಹೊಸದರ ಒಂದೊಂದು ಎಳೆ. ಬೂದಿ ಮುಟ್ಟಿದ ಬೆರಳಲ್ಲಿ ತಿರುವಿ ಹುರಿ ಮಾಡಿದರೆ ಎರಡೂ ಒಂದೇ. ಆಮೇಲೆ ಈ ಕಡೆಯಿಂದ ಎಳೆದರೆ ಕಟ್ಟಿದ್ದೆಲ್ಲ ಮಗ್ಗದ ಹಣಿಗೆಯ ಸಂದಿನಿಂದ ಹಾದು ಕೈಗೆ ಬರುತ್ತದೆ.

"ಕಟ್ಟಿದ್ಮ್ಯಾಲೆ ಎಳ್ಕಂಬೇಕು. ಎಳ್ಕಂಡ್ರೆ ಪೂರಾ ಹಾಸು ಬರ್ತೈತೆ. ನಾನೂ ಹಂಗೇ ಎಳ್ಕಂಡೆ," ಎಂದಳು ನಾಗರತ್ನ. "ಸಾರ್ ಪುಟದಾಗೆ ಬರಲ್ಲ ಅಂತ ಎಲ್ಲೂ ಇಲ್ಲ."

"ಇಲ್ಲ," ಎಂದಳು ಶಾಂತಕುಮಾರಿ.

"ಹೇಳಾಣ ಅಂತ ನೋಡ್ದೆ. ಪುಟಕ್ಕೆ ಬೀಗ ಹಾಕಿದಾರೆ. ಹಳೇ ಪುಟದ ಫೋಟೊ ಒಬ್ಬರ ಹತ್ರ ಇತ್ತು, ಅದರ ಬುಡದಾಗೆ ನಂಬರಿತ್ತು. ಅದಕ್ಕೇ ಫೋನ್ ಮಾಡ್ದೆ. ಸಾರ್‌ಗೆ ಬೈಯೋಕಲ್ಲ ಅಕ್ಕಾ."

"ಬೈದ್ರೂ ತಪ್ಪಿಲ್ಲ."

ಹೊನ್ನೂರಸ್ವಾಮಿ ಈಗ ತಲೆ ಎತ್ತಿದ. "ಸಾರ್ ಬರ್ಲಿಲ್ವಾ ಅಮ್ಮಾ?"

"ತೀರ್ಕಂಡ್ರು."

ನಾಗರತ್ನ ಲ್ಯಾಪ್‌ಟಾಪ್ ಮುಚ್ಚಲು ಹೋದಳು. ಶಾಂತಕುಮಾರಿ ಬಿಡಲಿಲ್ಲ. "ಇರ್ಲಿ, ತೆರ್ದಿರು. ಆ ಅಂಚಿನ ಸೀರೆ ಎಲ್ಲಾದ್ರೂ ಉಳಿದೈತಾ?"

"ರಾಯದುರ್ಗದಾಗೆ ನಮ್ಮ ಅತ್ತೆ ಹತ್ರ ಒಂದೈತೆ. ಕೊಡಲ್ಲ ಆಯಮ್ಮ. ಬೀರುವಿನ ಕೀಲಿ ಸೆರಗಿಗೇ ಕಟ್ಕಂಡಿರ್ತಾಳೆ."

"ಸೀರೆ ಕೊಡೋದು ಬ್ಯಾಡ. ಎದುರಿಗೆ ಕೂತು ಅಂಚಿನ ಎಳೆ ಎಣಿಸ್ತೀನಿ ಅನ್ನು."

ಮರುದಿನ ಸಂಜೆ ತಿಪ್ಪೇರುದ್ರನ ಕಂಪ್ಯೂಟರ್ ಸೆಂಟರಿಗೆ ಹೋದಳು. ಕೆಳಗೆ ಎಣ್ಣೆ ಅಂಗಡಿ, ಮೇಲೆ ಸೆಂಟರು. ಶೇಂಗಾ ಹಿಂಡಿಯ ವಾಸನೆ ಕೀಬೋರ್ಡಿಗೂ ಅಂಟಿರುತ್ತಿತ್ತು. ಅವನು ಎದ್ದು ಕುರ್ಚಿ ಎಳೆದ. ಪ್ರಭುವಿನ ಹೆಣ ಹೊತ್ತವರಲ್ಲಿ ಮೊದಲಿಗ ಅವನು. ಅದನ್ನು ಅವಳು ಮರೆತಿರಲಿಲ್ಲ.

ಹೇಳಬೇಕಾದ್ದನ್ನು ಹೇಳಿದಳು. ಅವನು ಟೀ ತರಿಸಿದ.

"ಅಕ್ಕಾ, ಆ ಹುಡುಗಿ ಬ್ಯಾಕಪ್ ಇಟ್ಕಂಬೇಕಿತ್ತು. ಎಲ್ಲಾದಕ್ಕೂ ಪುಟನೇ ಹೊಣೆ ಅಂದ್ರೆ ಹೆಂಗೆ?"

"ಬ್ಯಾಕಪ್ ಇಟ್ಕಂಬೇಕಿತ್ತು. ಪುಟದಾಗೂ ಇರಬೇಕಿತ್ತು. ಎರಡೂ ನಿಜ."

"ವರ್ಷದ ತಿಥಿ ಬಂತು. ಅವತ್ತು ಹಂಚಾಣ ಅಂತ ಅವನ ಪುಟಗಳನ್ನ ಪುಸ್ತಕ ಮಾಡ್ಸಿದೀನಿ. ಪ್ರಿಂಟಾಗ್ತೈತೆ. ಒಂದಕ್ಷರ ಬದಲಾಗ್ದಂಗೆ ಇರಬೇಕು ಅಂತ ನಾನೇ ಕೂತು ತಾಳೆ ನೋಡಿದೀನಿ."

"ಬದಲಾಗಬೇಕು."

"ಇನ್ನೂ ವರ್ಷ ತುಂಬಿಲ್ಲ, ಗಂಡನ ತಪ್ಪು ಹುಡುಕ್ತಾ ಕುಂತ್ಲು ಅಂತಾರೆ ಜನ."

"ಅನ್ಲಿ."

"ನಿಮಗೇನನ್ಸಲ್ವಾ?"

"ಇಲ್ಲ," ಎಂದಳು. ಅದು ನಿಜವಾಗಿತ್ತು.

ತಿಪ್ಪೇರುದ್ರ ಕೆಳಗಿನ ರಸ್ತೆ ನೋಡಿದ. ದನಿ ತಗ್ಗಿಸಿ, "ಒಂದ್ ಕೆಲ್ಸ ಮಾಡಾಣ. ಪ್ರಭು ಅಕೌಂಟು ಇನ್ನೂ ಐತೆ. ಅದರಿಂದಲೇ ತಾಣದಾಗೆ ಎರಡು ಸಾಲು ಸೇರಿಸಿಬಿಡ್ತೀನಿ. ಅವನೇ ಬರ್ದಂಗಿರ್ತೈತೆ. ಯಾರಿಗೂ ಗೊತ್ತಾಗಲ್ಲ," ಎಂದ.

ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದ. ಆದರೆ ಅವಳೊಳಗೆ ಎಲ್ಲೋ ಒಂದು ಕಡೆ, ಇಷ್ಟು ದಿನ ಜೋಮು ಹಿಡಿದಿದ್ದ ಕಾಲಿಗೆ ರಕ್ತ ಓಡಿದ ಹಾಗೆ ಚುಚ್ಚಿತು.

"ಅವನು ಬರೀಲಿಲ್ಲ ತಿಪ್ಪೇರುದ್ರ. ಬರಿ ಅಂತ ಹೇಳ್ದೆ, ಬರೀಲಿಲ್ಲ. ಅವನು ಬರೀದಿದ್ದನ್ನ ಅವನ ಹೆಸರಿಗೆ ಹಾಕೋಕೆ ನೀವ್ಯಾರು? ನಾನ್ಯಾರು? ನಾನು ಬರೀತೀನಿ. ನನ್ನ ಹೆಸರಲ್ಲಿ."

"ಅವನ ಪುಟದಾಗೆ ನಿಮ್ಮ ಹೆಸರಾ?"

"ಬೀಗ ತೆಗೀದಿದ್ರೆ ಪುಟಗಳನ್ನೆಲ್ಲ ನಕಲು ಮಾಡಿ ಬೇರೆ ತಾಣ ತೆಗೀತೀನಿ. ಅವನೇ ಬರ್ದಿದ್ದ, ಪ್ರತಿ ಪುಟದ ಬುಡದಾಗೆ. ‘ಯಾರು ಬೇಕಾದರೂ ನಕಲು ಮಾಡಿ, ಹಂಚಿ. ತಪ್ಪು ಕಂಡರೆ ತಿದ್ದಿ. ಗೊತ್ತಾಗದಿದ್ದರೆ ಈ ನಂಬರಿಗೆ ಫೋನ್ ಮಾಡಿ.’ ಆ ಸಾಲು ಎಲ್ಲಿ ಹೋತು?"

ಸತ್ತವನ ನಂಬರು ಪುಟದಲ್ಲಿ ಇರಬಾರದೆಂದು ತಿಪ್ಪೇರುದ್ರನೇ ತೆಗೆದಿದ್ದ. ಪುಸ್ತಕದಲ್ಲೂ ಅದು ಇರಲಿಲ್ಲ.

"ನೋಡಾಣ," ಎಂದ ಕೊನೆಗೆ. ಅವಳ ಟೀ ಹಾಗೇ ಆರಿತ್ತು.

ನೋಡೋಣ ಎಂದವನು ಏನೂ ನೋಡಲಿಲ್ಲ. ತಿಥಿಯ ದಿನ ಬೆಳಿಗ್ಗೆ ಪುಸ್ತಕಗಳ ಕಟ್ಟುಗಳನ್ನು ಆಟೋದಲ್ಲಿ ತಂದು ಜಗುಲಿಯ ಮೇಲೆ ಇಳಿಸಿ, ಶಾಮಿಯಾನದವನ ಜೊತೆ ಕೂಗಾಡುತ್ತಾ ಹಿತ್ತಲಿಗೆ ಹೋದ. ಶಾಂತಕುಮಾರಿ ಒಂದು ಕಟ್ಟು ಬಿಚ್ಚಿದಳು. ಚೆನ್ನಾಗಿ ಮಾಡಿಸಿದ್ದ. ಮುಖಪುಟದಲ್ಲಿ ಪ್ರಭು ನಗುತ್ತಿದ್ದ. ಅಪೆಂಡ್ ಪುಟ ತೆಗೆದಳು. ಅದೇ ಬಸ್ಸು, ಅದೇ ಓಡಿ ಬಂದು ಹತ್ತುವವನು. ಕೆಳಗೆ ಬೇಕಾದಷ್ಟು ಜಾಗ ಖಾಲಿ.

ಒಳಗೆ ಹೋಗಿ ಪೆನ್ನು ತಂದಳು. ಜಗುಲಿಯ ಮೇಲೆ ಕೂತು, ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಬರೆದಳು:

‘ಎಚ್ಚರ: ಅಪೆಂಡ್ ಇದ್ದ ಪಟ್ಟಿಯನ್ನೇ ಬದಲಿಸುತ್ತದೆ. ಹೊಸ ಪಟ್ಟಿಯನ್ನು ವಾಪಸ್ ಕೊಡುವುದಿಲ್ಲ, ಏನನ್ನೂ ಕೊಡುವುದಿಲ್ಲ. ಮಗ್ಗದಲ್ಲಿ ಹಳೆಯ ಹಾಸಿನ ತುದಿಗೆ ಹೊಸ ಹಾಸು ಕಟ್ಟಿ ಎಳೆದರೆ ಕಟ್ಟಿದ್ದೆಲ್ಲ ಕೈಗೆ ಬರುತ್ತದೆ. ಇಲ್ಲಿ ಹಾಗಲ್ಲ. ಸೇರಿಸಿ ಬಿಟ್ಟುಬಿಡಿ. ಎಳೆದುಕೊಳ್ಳಬೇಡಿ. ಎಳೆದುಕೊಂಡರೆ ಇದ್ದದ್ದೂ ಹೋಗುತ್ತದೆ. — ಶಾಂತಕುಮಾರಿ.’

ಅದರ ಕೆಳಗೆ ಪ್ರಭುವಿನ ಫೋನ್ ನಂಬರು. ಒಂದು ಪುಸ್ತಕ ಮುಗಿಸಿ ಪಕ್ಕಕ್ಕಿಟ್ಟು ಇನ್ನೊಂದು ತೆಗೆದಳು.

ನೆಂಟರು ಬರತೊಡಗಿದರು. ಒಬ್ಬರಿಗೊಬ್ಬರು ಸನ್ನೆ ಮಾಡಿಕೊಂಡರು. ಪ್ರಭುವಿನ ಸೋದರತ್ತೆ ಮೂಗಮ್ಮ ಕೈಚೀಲ ಇಳಿಸುವ ಮೊದಲೇ ಕೇಳಿದಳು, "ಏನೇ ಇದು, ಇವತ್ತಿನ ದಿನ ಪುಸ್ತಕದ ಮ್ಯಾಲೆ ಗೀಚ್ಕಂಡು ಕುಂತೀಯ? ಒಲೆ ಹತ್ರ ಯಾರದಾರೆ?"

"ಅಡಿಗೆಯವರದಾರೆ ಅತ್ತೆ."

ಸುದ್ದಿ ಹಿತ್ತಲಿಗೆ ಮುಟ್ಟಿತು. ತಿಪ್ಪೇರುದ್ರ ಓಡಿ ಬಂದ. ಒಂದು ಪುಸ್ತಕ ಎತ್ತಿ ನೋಡಿದ. ಅವನ ಕಿವಿ ಕೆಂಪಾಯಿತು.

"ಪುಸ್ತಕ ಹಾಳು ಮಾಡ್ತಿದೀರಲ್ಲ ಅಕ್ಕಾ! ಇದು ಅವನ ನೆನಪು!"

"ನೆನಪಿಗೆ ಫೋಟೊ ಐತೆ. ಇದನ್ನ ಜನ ನೋಡ್ಕಂಡು ಕೆಲಸ ಮಾಡ್ತಾರೆ."

"ಅವ್ವಾ, ನೀವಾದ್ರೂ ಹೇಳ್ರಿ," ಎಂದು ಅವನು ಒಳಗೆ ತಿರುಗಿದ.

ಪಾಲಮ್ಮ ಬಂದಳು. ಓದು ಬಾರದವಳು. ಆದರೆ ಮಗನ ಪುಟವೊಂದಕ್ಕೆ ಕಟ್ಟು ಹಾಕಿಸಿ ಫೋಟೊದ ಪಕ್ಕ ತೂಗುಹಾಕಿ, ದಿನಾ ಕೈ ಮುಗಿಯುತ್ತಿದ್ದಳು. ಸೊಸೆಯ ಎದುರು ಕಾಲು ಚಾಚಿ ಕೂತಳು. "ಏನ್ ಬರೀತಿದೀಯ? ಓದು."

ಶಾಂತಕುಮಾರಿ ಓದಿದಳು. ಪಾಲಮ್ಮನಿಗೆ ಪಟ್ಟಿಯೂ ತಿಳಿಯಲಿಲ್ಲ, ಹಾಸೂ ತಿಳಿಯಲಿಲ್ಲ. ಕೊನೆಯ ಮಾತು ತಿಳಿಯಿತು. "ಇದ್ದದ್ದೂ ಹೋಗ್ತೈತಾ?"

"ಹೋತು. ಮೊಳಕಾಲ್ಮುರಿನ ಆ ಹುಡುಗೀದು."

"ಇವನಿಗೆ ಗೊತ್ತಿತ್ತಾ ಇದು?"

"ಗೊತ್ತಿತ್ತವ್ವ. ಬರಿ ಅಂತ ನಾನೂ ಹೇಳಿದ್ದೆ."

"ಕೇಳ್ಲಿಲ್ಲ?"

"ಇಲ್ಲ."

ಪಾಲಮ್ಮ ಮುಖಪುಟದ ಮಗನನ್ನು ನೋಡಿದಳು. "ಯಾರ ಮಾತು ಕೇಳ್ದ ಇವನು," ಎಂದಳು. "ಹೆಲ್ಮೆಟ್ ಹಾಕ್ಕಳಲೇ, ಹಾಕ್ಕಳಲೇ ಅಂತ ಗಂಟಲು ಹರ್ಕಂಡೆ. ತಲೆ ಬೇಯ್ತೈತೆ ಅಂದ."

ಮೂಗಮ್ಮ ಕೈಚೀಲ ಎತ್ತಿಕೊಂಡು ಒಳಗೆ ನಡೆದಳು.

"ಗ್ವಾಡೆ ಮ್ಯಾಲಿಂದು ಮುಟ್ಟಬ್ಯಾಡ," ಎಂದಳು ಪಾಲಮ್ಮ ಸೊಸೆಗೆ.

"ಮುಟ್ಟಲ್ಲ."

"ಇವನ್ನೆಲ್ಲ ಬರಿ. ಒಂದೂ ಬಿಡಬ್ಯಾಡ." ಕಟ್ಟಿನಿಂದ ಒಂದು ಪುಸ್ತಕ ತೆಗೆದು, ಪುಟ ಎಲ್ಲಿದೆಯೆಂದು ತಿಳಿಯದೆ ಹಾಗೇ ಮುಚ್ಚಿ, ಸೊಸೆಯ ಮುಂದಿಟ್ಟಳು.

ತಿಪ್ಪೇರುದ್ರ ಅಲ್ಲಿ ನಿಲ್ಲಲಿಲ್ಲ. ಊಟಕ್ಕೂ ಕೂರಲಿಲ್ಲ. ಪುಸ್ತಕ ಹಂಚುವಾಗ ಮಾತಾಡಬೇಕಿದ್ದವನು ಅವನೇ. ಅವನಿಲ್ಲದ್ದರಿಂದ ಯಾರೂ ಮಾತಾಡಲಿಲ್ಲ. ಶಾಂತಕುಮಾರಿ ಬಾಗಿಲಲ್ಲಿ ನಿಂತು ಬಂದವರ ಕೈಗೆ ಒಂದೊಂದು ಪುಸ್ತಕ ಕೊಟ್ಟಳು. ಶಾಯಿ ಕೆಲವರ ಬೆರಳಿಗೆ ಹತ್ತಿತು.

ಆ ವಾರ ಕಳೆದ ಮೇಲೆ, ಕಾಲೇಜಿನಲ್ಲಿ ಪಾಠದ ನಡುವೆ ತಾಣ ತೆರೆದವಳು ದೀಪದ ಚಿತ್ರ ಇಲ್ಲದ್ದನ್ನು ಕಂಡಳು. ‘ತಿದ್ದಲಾಗುವುದಿಲ್ಲ’ ಎಂಬ ಸಾಲೂ ಇರಲಿಲ್ಲ. ತಿಪ್ಪೇರುದ್ರ ಫೋನ್ ಮಾಡಿರಲಿಲ್ಲ, ಸಂದೇಶ ಕಳಿಸಿರಲಿಲ್ಲ. ಇವತ್ತಿಗೂ ಅವನು ಅವಳೊಂದಿಗೆ ಸರಿಯಾಗಿ ಮಾತಾಡುವುದಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಎದುರಾದರೆ ‘ಊಟ ಆಯ್ತಾ’ ಎಂದು ದಾಟಿಬಿಡುತ್ತಾನೆ. ಆ ದಿನ ತರಗತಿಯಲ್ಲಿ ಮಕ್ಕಳೆದುರೇ ಅವಳು ಎಚ್ಚರಿಕೆಯ ಸಾಲುಗಳನ್ನು ಸೇರಿಸಿದಳು. ಕೆಳಗೆ ‘ತಪ್ಪು ಕಂಡರೆ ತಿದ್ದಿ’ ಎಂಬ ಹಳೆಯ ಮಾತನ್ನೂ ನಂಬರನ್ನೂ ವಾಪಸ್ ಹಾಕಿದಳು. ಯಾರು ಯಾವಾಗ ತಿದ್ದಿದರೆಂಬ ಪಟ್ಟಿಯಲ್ಲಿ ಪ್ರಭುವಿನ ಹೆಸರಿನ ಕೆಳಗೆ ಅವಳ ಹೆಸರು ಬಂತು. ಅವನ ಹೆಸರು ಎಲ್ಲಿಗೂ ಹೋಗಲಿಲ್ಲ.

ಸಂಜೆ ಫೋನ್ ಬಂತು.

"ಅಕ್ಕಾ, ನಾಗರತ್ನ. ನೋಡ್ದೆ. ಹಾಸಿಂದೆಲ್ಲ ಹಾಕಿದೀರಿ, ಅಪ್ಪಗೆ ಓದಿ ಹೇಳ್ದೆ, ಒಂದೇ ಸಮ ನಗ್ತಾನೆ."

"ರಾಯದುರ್ಗ?"

"ಅತ್ತೆ ಒಪ್ಪಿದಾಳೆ. ಸೀರೆ ಮಡಿಲಾಗೇ ಇಟ್ಕಂಡಿರ್ತಾಳೆ, ನಾನು ಎದುರಿಗೆ ಕೂತು ಎಣಿಸ್ಬೇಕು. ಮುಟ್ಟಂಗಿಲ್ಲ. ಅದಿರ್ಲಿ ಅಕ್ಕಾ, ಇನ್ನೊಂದೈತೆ. ಸಾರ್ಟ್ ಪುಟ ನೋಡಿದೀರಾ? ರಿವರ್ಸ್? ಅವೂ ಹಂಗೇ ಅಲ್ವಾ, ಕೈಗೆ ಏನೂ ಕೊಡಲ್ಲ. ಅಲ್ಲೂ ಸಾರ್ ಏನೂ ಬರ್ದಿಲ್ಲ. ನಿಮಗೂ ಕಾಣ್ಲಿಲ್ವಾ?"

ಶಾಂತಕುಮಾರಿ ಸಾರ್ಟ್ ಪುಟ ತೆಗೆದಳು. ಹುಡುಗಿ ಹೇಳಿದ್ದು ಸರಿಯಾಗಿತ್ತು. "ಕಾಣ್ಲಿಲ್ಲ," ಎಂದಳು.

"ಮತ್ತೆ ತಿದ್ರಿ."

"ಬೀಗ ತೆಗ್ದೈತೆ. ನೀನೇ ತಿದ್ದು."

"ನಾನಾ? ಸಾರ್ ಪುಟದಾಗಾ?"

"ಹ್ಞೂಂ. ನಿನ್ನ ಹೆಸರಲ್ಲಿ."

"ನಂದೂ ತಪ್ಪಾದ್ರೆ?"

"ಯಾರಾದ್ರೂ ಫೋನ್ ಮಾಡ್ತಾರೆ," ಎಂದಳು ಶಾಂತಕುಮಾರಿ. "ಬೈತಾರೆ. ಬೈಸ್ಕಂಡು ತಿದ್ಕಂತೀಯ."